ಆಷಾಢ ಕಳೀಲಿ

ಕೊಳ್ಳೇಗಾಲದ ಅಂಚಿನ ಆ ನೇಕಾರರ ಬೀದಿಯಲ್ಲಿ ಬೆಳಿಗ್ಗೆ ಎರಡು ಸದ್ದು ಏಳುತ್ತವೆ. ಒಂದು ಮಗ್ಗದ್ದು, ಇನ್ನೊಂದು ಹಳದಿ ವ್ಯಾನಿನ ಹಾರನ್ನಿನದು. ಮಗ್ಗದ ಸದ್ದು ಮನೆಯಲ್ಲೇ ಉಳಿಯುತ್ತದೆ. ಹಾರನ್ನು ಮಾತ್ರ ಮಕ್ಕಳನ್ನು ಎತ್ತಿಕೊಂಡು ಹೋಗುತ್ತದೆ. ಬೀದಿಯ ಕೊನೆಯಲ್ಲಿರುವ ಸರ್ಕಾರಿ ಶಾಲೆಯ ಹೆಡ್‌ಮೇಷ್ಟ್ರು ಶಾಂತಮೂರ್ತಿ ಗೇಟಿನಲ್ಲಿ ನಿಂತು, ಇಂಗ್ಲಿಷ್ ಮೀಡಿಯಮ್ಮಿನ ವ್ಯಾನುಗಳು ಮುಂದೆ ಹಾದುಹೋಗುವುದನ್ನು ದಿನವೂ ನೋಡುತ್ತಿದ್ದ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅವನ ಊರು ಮುಳ್ಳೂರಿನಲ್ಲೂ ಅಂಥದೊಂದು ವ್ಯಾನು ನಿಲ್ಲುತ್ತಿತ್ತು. ಅದಕ್ಕೆ ಅವನ ಮಗಳು ದೀಪಶ್ರೀ ಹತ್ತುತ್ತಿದ್ದಳು.

ಆ ವರ್ಷ ಶಾಲೆ ಶುರುವಾದಾಗಲೇ ಮೇಲಿನಿಂದ ಮಾತು ಬಂದಿತ್ತು. ಮಕ್ಕಳು ಹೆಚ್ಚದಿದ್ದರೆ ಶಾಲೆ ಮುಚ್ಚುತ್ತಾರೆ, ಇರುವವರನ್ನು ಹೈವೇ ಆಚೆಯ ದೊಡ್ಡ ಶಾಲೆಗೆ ಸೇರಿಸುತ್ತಾರೆ. ಹೈವೇ ಎಂದರೆ ಬೆಟ್ಟಕ್ಕೆ ಯಾತ್ರಿಕರನ್ನು ಒಯ್ಯುವ ಬಸ್ಸುಗಳು, ಕರಿಕಲ್ಲು ಹೊತ್ತ ಲಾರಿಗಳು. ಒಂದನೇ ಕ್ಲಾಸಿನ ಕೂಸುಗಳು ಅದನ್ನು ದಾಟಬೇಕು.

ಶಾಂತಮೂರ್ತಿ ಮನೆಮನೆ ಅಲೆದ. ಎಲ್ಲರೂ ಕಾಫಿ ಕೊಟ್ಟರು. ಮಕ್ಕಳನ್ನು ಯಾರೂ ಕೊಡಲಿಲ್ಲ.

ವಿಜಯಮ್ಮನ ಮನೆಗೆ ಹೋದಾಗ ಅವಳು ಮಗ್ಗದಲ್ಲಿ ಕೂತಿದ್ದಳು. ಬೀದಿಯ ಹಿರಿಯಳು. ಅವಳ ಮಾತೆಂದರೆ ಅಲ್ಲಿ ಪಂಚಾಯ್ತಿ ಮುಗಿದಂತೆ.

“ಬನ್ನಿ ಸಾ. ಮಕ್ಕಳ ಇಡಿಯಕ್ಕೆ ಬಂದ್ರಾ?”

“ಹಿಡಿಯೋಕಲ್ಲ ಕಣಮ್ಮಾ, ಕೇಳೋಕೆ.”

“ಪೊಲೀಸ್ನೋರು ಬಂದ್ರೂ ಇಷ್ಟು ಎದರ್ಕಳಲ್ಲ ನಮ್ ಬೀದಿ ಜನ. ನೀವ್ ಬಂದ್ರೆ ಬಾಗ್ಲಾಕ್ಕತಾರೆ.”

ಅವನು ಪುಸ್ತಕದ ಬಗ್ಗೆ ಹೇಳಿದ, ಹಾಲು ಮೊಟ್ಟೆಯ ಬಗ್ಗೆ ಹೇಳಿದ, ತಾನೇ ಕೂತು ಇಂಗ್ಲಿಷ್ ಕಲಿಸುತ್ತೇನೆಂದ. ವಿಜಯಮ್ಮ ಎಲ್ಲ ಕೇಳಿಸಿಕೊಂಡು ಲಾಳಿ ನಿಲ್ಲಿಸಿದಳು.

“ಎಲ್ಲಾ ಸರಿ ಸಾ. ನಿಮ್ ಮಗಳು ಎಲ್ಲಿ ಓದ್ತಾವ್ಳೆ?”

ಅವನು ಹೇಳಿದ.

“ಅಂಗಾರೆ ನೀವ್ ಮಾಡೋ ಅಡ್ಗೆಯ ನಿಮ್ ಮನೇರೇ ಉಣ್ಣಲ್ಲ ಅನ್ನಿ.”

ಒಳಗೆ ಸೊಸೆ ಕಿಸಕ್ಕನೆ ನಕ್ಕಳು. ವಿಜಯಮ್ಮನ ದನಿಯಲ್ಲಿ ಮಾತ್ರ ಕುಹಕವಿರಲಿಲ್ಲ. “ಕ್ವಾಪ ಮಾಡ್ಕಬ್ಯಾಡಿ. ನಿಮ್ ಪಾಪುವ ಇಲ್ಲಿಗೆ ಕರ್ಕಬನ್ನಿ. ಅವತ್ತೇ ನನ್ ಮೊಮ್ಮಕ್ಕಳು ಅರ್ಸ, ಲಿಕಿತಾ ಇಬ್ರೂವೆ ಬತ್ತಾರೆ. ನಾನೊಂದ್ ಮಾತೇಳಿದ್ರೆ ಇನ್ನೂ ನಾಕಾರು ಮನೆಯೋರು ಬತ್ತಾರೆ. ನಾಳೆಗೇ ಬೇಕಾರೆ ನಾಳೆಗೇ.”

ಶಾಂತಮೂರ್ತಿಯ ಎದೆ ಹಿಗ್ಗಿತು. ಹೂಂ ಎಂದೂಬಿಟ್ಟ. ಆದರೆ ಆ ‘ನಾಳೆ’ ನೆನೆದೊಡನೆ ಹೆಂಡತಿ ಕೋಮಲಳ ಮುಖ ಕಣ್ಣೆದುರು ಬಂತು. ಮುಳ್ಳೂರಿನ ಜಗಲಿಗಳು, ಅಲ್ಲಿ ಕೂತು ‘ಯಾಕ್ ಮೇಷ್ಟ್ರೇ, ಸಂಬಳ ಸಾಲ್ದಾಯ್ತಾ?’ ಎನ್ನಬಹುದಾದ ಬಾಯಿಗಳು. ತಪ್ಪಿಸಿಕೊಳ್ಳಲು ದಾರಿ ಹುಡುಕುತ್ತಿದ್ದ ಕಣ್ಣು ಗೋಡೆಯ ಕ್ಯಾಲೆಂಡರಿಗೆ ಹೋಯಿತು.

“ಈಗ ಆಷಾಢ ಕಣಮ್ಮಾ. ನಮ್ಮವ್ವ ಒಪ್ಪಲ್ಲ. ಶ್ರಾವಣದ ಮೊದಲ ಸೋಮವಾರ ಕರ್ಕೊಂಡು ಬರ್ತೀನಿ. ನೀವೂ ಆವತ್ತೇ ಬನ್ನಿ.”

ವಿಜಯಮ್ಮನೂ ಕ್ಯಾಲೆಂಡರಿನತ್ತ ನೋಡಿದಳು. “ಆಗ್ಲಿ ಸಾ. ಮೇಷ್ಟ್ರೇ ಏಳುದ್ ಮೇಲೆ.” ಲಾಳಿ ಮತ್ತೆ ಓಡಿತು.

ಅವ್ವನನ್ನು ಅವನು ಕೇಳಲೇ ಇಲ್ಲ. ಕೇಳಿದರೆ ಎಲ್ಲಿ ಒಪ್ಪಿಬಿಡುತ್ತಾಳೋ ಎಂಬ ಭಯ. ಒಂದು ಭಾನುವಾರ ಗಿಡಗಳಿಗೆ ನೀರು ಹಾಕಲು ಹೋಗುವಾಗ ದೀಪಶ್ರೀಯನ್ನು ಬೈಕಿನ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಶಾಲೆಗೆ ಕರೆದೊಯ್ದ. ಗಂಟೆಯೆಂದು ತೂಗುಹಾಕಿದ್ದ ಕಬ್ಬಿಣದ ತುಂಡನ್ನು ಅವಳು ಸಾಕೆನ್ನುವಷ್ಟು ಬಾರಿಸಿದಳು.

“ಅಪ್ಪಾಜಿ, ನಾನೂ ಇಲ್ಲಿಗೇ ಬರ್ಲಾ?”

“ಆಷಾಢ ಕಳೀಲಿ ಮಗ.”

ಯಾರು ಕೇಳಿದರೂ ಒಪ್ಪುವಂತಿತ್ತು ಆ ಉತ್ತರ. ಅವನಿಗೇ ಅದು ನಿಜವೆನ್ನಿಸತೊಡಗಿತ್ತು.

ಆಷಾಢ ಇನ್ನೂ ಇರುವಾಗಲೇ ಆಫೀಸರು ಬಂದರು. ಖಾಲಿ ಬೆಂಚುಗಳ ಮೇಲೆ ಕೈಯಾಡಿಸಿ ಧೂಳು ನೋಡಿಕೊಂಡರು.

“ಶ್ರಾವಣ ಸೋಮವಾರ ಮಕ್ಕಳು ಬರ್ತಾರೆ ಸರ್. ಮಾತು ಕೊಟ್ಟಿದ್ದಾರೆ.”

“ಇಲಾಖೆಗೆ ಪಂಚಾಂಗ ಇಲ್ಲ ಮೇಷ್ಟ್ರೇ,” ಎಂದರು ಅವರು, ಬೇಸರದಿಂದಲೇ.

ಆಗಲಾದರೂ ಅವನು ವಿಜಯಮ್ಮನ ಮನೆಗೆ ಓಡಬಹುದಿತ್ತು. ಓಡಲಿಲ್ಲ. ಶ್ರಾವಣದ ಆ ಸೋಮವಾರಕ್ಕೆ ಎರಡೇ ದಿನ ಇದೆಯೆನ್ನುವಾಗ, ಶನಿವಾರ ಸಂಜೆ, ಶಾಲೆ ಮುಚ್ಚುವ ಆದೇಶ ಮೊಬೈಲಿಗೆ ಬಂತು. ಸೋಮವಾರ ಬೆಳಿಗ್ಗೆ, ಇನ್ನೇಕೆ ಎಂದುಕೊಂಡು, ಮಗಳನ್ನು ಎಂದಿನಂತೆ ವ್ಯಾನು ಹತ್ತಿಸಿದ. ಅವಳು ಏನನ್ನೋ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಾಗಿಲು ಹಾಕಿಕೊಂಡಿತು.

ಶಾಲೆಯ ಗೇಟಿನಲ್ಲಿ ಬೀದಿಗೆ ಬೀದಿಯೇ ನಿಂತಂತಿತ್ತು. ತಲೆಗೆ ಎಣ್ಣೆ ಹಾಕಿ ಬಾಚಿಸಿಕೊಂಡ ಮಕ್ಕಳು, ಹೊಸ ಸ್ಲೇಟುಗಳು, ತಟ್ಟೆಯಲ್ಲಿ ಕಾಯಿ, ಬಾಳೆಹಣ್ಣು. ವಿಜಯಮ್ಮ ಮುಂದೆ ಬಂದು ಬೈಕಿನ ಹಿಂದೆ ಇಣುಕಿ ನೋಡಿದಳು.

“ಎಲ್ಲಿ ಸಾ, ಪಾಪು?”

ಅವನು ಎಲ್ಲವನ್ನೂ ಹೇಳಿದ. ಹೇಳುವಾಗ ಹೈವೇಯಲ್ಲಿ ಲಾರಿಯೊಂದು ಹೋಯಿತು. ವಿಜಯಮ್ಮ ಆ ಸದ್ದಿನ ಕಡೆ ಒಮ್ಮೆ ತಿರುಗಿ ನೋಡಿ ಕೇಳಿದಳು.

“ಅವತ್ತೇ ಬಂದಿದ್ರೆ ಉಳೀತಿತ್ತಾ ಸಾ?”

“ಉಳೀತಿತ್ತು.”

“ನಮ್ಗೇನ್ ಸಾ ಆಸಾಡ?” ವಿಜಯಮ್ಮ ದನಿ ಏರಿಸಲಿಲ್ಲ. “ಸ್ರಾವಣದ ಮದ್ವೆಗೆ ಸೀರೆ ಕೊಡ್ಬೇಕು ಅಂತ ಆಸಾಡದಲ್ಲೇ ನಾವು ಉಸ್ರು ಬಿಡ್ದಂಗೆ ನೇಯದು. ನೀವಂದ್ರಿ ಅಂತ ಕಾದ್ವಿ.”

ಅವಳು ಮಕ್ಕಳನ್ನು ತಿರುಗಿಸಿಕೊಂಡಳು. ನಾಲ್ಕು ಹೆಜ್ಜೆ ಹೋದವಳು ಏನೋ ನೆನೆದು ಹಿಂದೆ ಬಂದು, ಸೆರಗಿನ ಗಂಟು ಬಿಚ್ಚಿ, ನೇರಳೆ ಬಣ್ಣದ ಎರಡು ರೇಷ್ಮೆ ಪಟ್ಟಿಗಳನ್ನು ಅವನ ಕೈಗಿಟ್ಟಳು. ಅಂಚಿಗೆ ಒಂದೆಳೆ ಜರಿ. ಲಿಖಿತಾಳ ಜಡೆಯಲ್ಲೂ ಅಂಥವೇ ಇದ್ದವು.

“ಪಾಪುಗೆ ಅಂತ ನೇಯ್ದಿದ್ದು. ಯಾವ ಸ್ಕೂಲ್ಗೋದ್ರೇನು, ಜಡೆಗೆ ಕಟ್ಕಬೋದು.”

ಸಂಜೆ ದೀಪಶ್ರೀ ಅವನ್ನು ಕನ್ನಡಿಯ ಮುಂದೆ ಹಿಡಿದು ನೋಡಿದಳು. ಆಮೇಲೆ ಮಡಿಚಿ ಅವನಿಗೇ ಹಿಂದಕ್ಕೆ ಕೊಟ್ಟಳು. ಅವಳ ಸ್ಕೂಲಿನಲ್ಲಿ ಬಿಳಿ ಟೇಪು ಬಿಟ್ಟು ಬೇರೆ ಕಟ್ಟುವಂತಿರಲಿಲ್ಲ.