ಕುಡಿಯದವನ ತೂರಾಟ

ಹೆಂಡದ ಹನಿ ಮುಟ್ಟದ ದೊಡ್ಡಬೈರಪ್ಪನಿಗೆ ಕುಡುಕನೆಂಬ ಹೆಸರು ಕಟ್ಟುವುದರಲ್ಲಿ ಹನುಮಂತನಗರದ ಆ ಬೀದಿ ಹಿಂದೆ ಬೀಳಲಿಲ್ಲ. ನಡೆದರೆ ತೂರಾಡುತ್ತಿದ್ದ, ಕೂತರೆ ಕೈಕಾಲು ತಾವಾಗಿಯೇ ಕುಣಿಯುತ್ತಿದ್ದವು, ಕೋಪವಂತೂ ಮೂಗಿನ ತುದಿಯಲ್ಲೇ. ಅಷ್ಟು ಸಾಕಲ್ಲ ಜನರ ಬಾಯಿಗೆ!

೧೯೯೮ರ ಒಂದು ಭಾನುವಾರ, ಸಾರಿಗೆ ಉಪ್ಪು ಕಡಿಮೆಯೆಂದು ಅವನು ಹೆಂಡತಿ ಮುನಿಲಕ್ಷ್ಮಮ್ಮನ ತಲೆಯನ್ನು ಗೋಡೆಗೆ ಚಚ್ಚಿದ. ಹುಬ್ಬು ಸೀಳಿ ರಕ್ತ ಸೆರಗಿಗಿಳಿಯಿತು. ಸುದ್ದಿ ತಿಳಿದು ಮಾವಳ್ಳಿಯಿಂದ ಓಡಿಬಂದ ಅವನ ಅಣ್ಣ ಕೆಂಚಪ್ಪ ತಮ್ಮನ ಸೊಂಟವನ್ನು ಕಿಟಕಿಯ ಸರಳಿಗೆ ಬಿಗಿದು, ಹುಣಸೆ ಬರಲು ಹಿಡಿದು ಬಾರಿಸತೊಡಗಿದ. ಬನಿಯನ್ ಹರಿದು ಮೈಮೇಲೆ ಬಾಸುಂಡೆ ಎದ್ದವು.

ಮಗಳು ತೇಜಶ್ರೀ ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಳು. ಅಪ್ಪನ ರಕ್ತಪರೀಕ್ಷೆಯಲ್ಲಿ ಕಂಡದ್ದನ್ನು ಡಾಕ್ಟರು ಹಿಂದಿನ ದಿನವಷ್ಟೇ ಅವಳಿಗೆ ಹೇಳಿದ್ದರು. ಅವಳು ನಡುವೆ ನುಗ್ಗಿದಳು. ಮುಂದಿನ ಏಟು ಅವಳ ಮೊಣಕೈಗೆ ಬಿತ್ತು.

"ಹೊಡೀಬೇಡಿ ದೊಡ್ಡಪ್ಪ! ಅಪ್ಪ ಕುಡಿದಿಲ್ಲ, ಅದು ಕಾಯಿಲೆ!"

"ಹೆಂಡ್ತಿ ತಲೆ ಒಡೆಯೋ ಕಾಯಿಲೆ ಯಾವ್ದಮ್ಮ?"

ಪಾಠ ಹೇಳುವ ಹೊತ್ತೇ ಅದು? ಆದರೂ ಹೇಳಿದಳು. "ಮೈಯೊಳಗೆ ಪ್ರೋಟೀನ್ ಅಂತ ಇರುತ್ತೆ. ಉದ್ದ ಸರದ ಥರ ಹುಟ್ಟಿ, ಆಮೇಲೆ ಮಡಚ್ಕೊಂಡು ಒಂದು ಆಕಾರಕ್ಕೆ ಬರುತ್ತೆ. ಆಕಾರ ಸರಿಯಿದ್ರೇನೇ ಕೆಲಸ. ಸೀರೆ ನೆರಿಗೆ ಸರಿಯಾಗಿ ಕೂತ್ರೆ ನಡೀಬೋದು, ಮುದ್ದೆಯಾದ್ರೆ ಕಾಲಿಗೇ ತೊಡರುತ್ತೆ. ಅಪ್ಪನ ಮೆದುಳಲ್ಲಿ ಒಂದು ಪ್ರೋಟೀನ್ ತಪ್ಪಾಗಿ ಮಡಚ್ಕೊಂಡು, ಮುದ್ದೆ ಕಟ್ಟಿ, ನರಗಳನ್ನ ಸಾಯಿಸ್ತಿದೆ. ಕೈಕಾಲು, ಕೋಪ, ಯಾವ್ದೂ ಅವರ ಹಿಡಿತದಲ್ಲಿಲ್ಲ."

"ಇವನಿಗೆ ಎಲ್ಲಿಂದ ಅಂಟ್ಕೊಂಡಿತು?"

"ಅಂಟಿದ್ದಲ್ಲ, ಹೆತ್ತೋರಿಂದ ಬಂದಿದ್ದು. ತಾತನಿಗೂ ಹೀಗೇ ಕೈಕಾಲು ಕುಣೀತಿತ್ತಾ?"

ಎತ್ತಿದ ಬರಲು ಗಾಳಿಯಲ್ಲೇ ನಿಂತಿತು. ಕೆಂಚಪ್ಪನ ಮುಖ ಬಿಳಿಚಿಕೊಂಡಿತು.

"ನಮ್ಮ ಅಪ್ಪಯ್ಯನ್ನ ಕೊಟ್ಟಿಗೆ ಕಂಬಕ್ಕೆ ಕಟ್ಟಿ ಬಡಿದೋನು ನಾನೇ ಕಣಮ್ಮ. ಕಟ್ಟಿದ ಹಗ್ಗದಲ್ಲೇ ಸತ್ತ. ಕುಡಿದು ಸತ್ತ ಅಂತ ಊರಿಗೆಲ್ಲ ಹೇಳ್ದೆ. ಹಂಗಾದ್ರೆ ಅವನೂ ಕುಡಿದಿರಲಿಲ್ವಾ?"

ಸುಳ್ಳು ಹೇಳಿಬಿಡೋಣವೆನ್ನಿಸಿತು ತೇಜಶ್ರೀಗೆ. ಅಷ್ಟು ಕನಿಕರ ಬಂದಿತ್ತು.

ಕೆಂಚಪ್ಪ ಬರಲು ಬಿಸಾಡಿ, ತಮ್ಮನ ಸೊಂಟದ ಗಂಟು ಬಿಚ್ಚಲು ಮಂಡಿಯೂರಿದ. ದೊಡ್ಡಬೈರಪ್ಪನ ಕಾಲು ಜಾಡಿಸಿ ಅವನ ಬಾಯಿಗೆ ಬಡಿಯಿತು. ಹಲ್ಲು ಮುರಿಯಿತು. ಕಾಲು ಮತ್ತೆ ಬಡಿಯಿತು. ಕೆಂಚಪ್ಪ ಮುಖ ಸರಿಸಲಿಲ್ಲ.

"ಹೊಡಿ ಅಪ್ಪಯ್ಯ," ಎಂದ ರಕ್ತ ಉಗುಳುತ್ತಾ, "ಇನ್ನೂ ಹೊಡಿ."