ಹಾಡಿಗೆ ಮುಯ್ಯಾಳು

ದೀಪಶ್ರೀಗೆ ಪಿಟೀಲು ಬರುತ್ತಿತ್ತು, ಅರ್ಜಿ ಬರೆಯಲು ಬರುತ್ತಿರಲಿಲ್ಲ. ಪಿಟೀಲಿಗೆ ನಾಲ್ಕು ತಂತಿ. ಅರ್ಜಿಗೆ ಎಷ್ಟು ತಂತಿಯೋ, ಅದನ್ನು ತಯಾರಿಸಿದ ಪುಣ್ಯಾತ್ಮರಿಗೇ ಗೊತ್ತು. ನಿಮ್ಮ ಯೋಜನೆಯಿಂದ ಸಮುದಾಯದಲ್ಲಿ ಆಗುವ ಪರಿವರ್ತನೆಯನ್ನು ಇನ್ನೂರು ಪದಗಳಲ್ಲಿ ವಿವರಿಸಿ ಎಂದಿತ್ತು. ಬೆಳಗೋಡಿನ ತನ್ನ ಮನೆಯ ಜಗಲಿಯಲ್ಲಿ ಕೂತು ಅವಳು ‘ಜನ ಹಾಡುತ್ತಾರೆ’ ಎಂದು ಬರೆದಳು. ಉಳಿದ ನೂರ ತೊಂಬತ್ತೆಂಟು ಪದಗಳಿಗಾಗಿ ಆಕಾಶ ನೋಡುತ್ತ ಮೂರು ಲೋಟ ಕಾಫಿ ಖಾಲಿ ಮಾಡಿದಳು.

ವಿಷಯ ಇಷ್ಟೇ. ಬೆಂಗಳೂರಿನ ಒಂದು ಪ್ರತಿಷ್ಠಾನ ಸಣ್ಣ ಸಂಗೀತ ತಂಡಗಳಿಗೆ ಸಹಾಯಧನ ಕೊಡುತ್ತಿತ್ತು. ತಂಡದವರು ಒಂದು ಹಳ್ಳಿಯಲ್ಲಿ ತಿಂಗಳು ಉಳಿದು ಊರವರ ಜೊತೆ ಸೇರಿ ಹಾಡು ಕಟ್ಟಬೇಕು. ದೀಪಶ್ರೀಯ ತಂಡದಲ್ಲಿ ಇದ್ದದ್ದೇ ಮೂವರು: ಇವಳ ಪಿಟೀಲು, ಮಧುಶ್ರೀಯ ಕೊಳಲು, ಗುರುವಿನ ಮೃದಂಗ. ಮೂವರೂ ಸಕಲೇಶಪುರದ ಸುತ್ತಮುತ್ತ ಮಕ್ಕಳಿಗೆ ಪಾಠ ಹೇಳಿ ದಿನ ದೂಡುವವರು, ಮದುವೆಮನೆಯಲ್ಲಿ ಊಟದ ಗದ್ದಲಕ್ಕೆ ಒಗ್ಗರಣೆಯಂತೆ ನುಡಿಸಿ ನುಡಿಸಿ ಬೇಸತ್ತವರು. ಗುರುವಿಗೆ ಹಾಸನದ ಆರ್ಕೆಸ್ಟ್ರಾದಿಂದ ಕರೆ ಬಂದಿತ್ತು. ಈ ಸಹಾಯಧನ ಸಿಕ್ಕದಿದ್ದರೆ ಹೊಸ ವರ್ಷಕ್ಕೆ ಅಲ್ಲಿಗೆ ಹೋಗಿಬಿಡುತ್ತೇನೆ ಎಂದು ಅವನು ಮುಚ್ಚುಮರೆಯಿಲ್ಲದೆ ಹೇಳಿದ್ದ. ಮೃದಂಗ ಹೋದ ಮೇಲೆ ತಂಡವೆಲ್ಲಿ ಬಂತು, ಮಣ್ಣು! ದೀಪಶ್ರೀಗೆ ಆ ತಂಡವೆಂದರೆ ಜೀವ. ಅದಕ್ಕೇ ಅವಳು ಹಲ್ಲು ಕಚ್ಚಿ ಇನ್ನೂರು ಪದ ತುಂಬಿಸಿ ಕಳಿಸಿದಳು.

ಅರ್ಜಿ ಮೊದಲ ಸುತ್ತು ದಾಟಿತು. ಡಿಸೆಂಬರ್ ಕೊನೆಗೆ ಪ್ರತಿಷ್ಠಾನದವರು ಬಂದು ಊರನ್ನು ನೋಡುತ್ತಾರೆ, ಅಷ್ಟರಲ್ಲಿ ಜನರನ್ನು ಒಗ್ಗಿಸಿಕೊಂಡಿರಬೇಕು ಎಂದು ಸುದ್ದಿ ಬಂತು. ಊರು ವನಗೂರು. ಅಲ್ಲಿನ ಹೆಂಗಸರ ಸೋಬಾನೆಯನ್ನು ದೀಪಶ್ರೀ ಒಂದು ಮದುವೆಯಲ್ಲಿ ಕೇಳಿ ಮರುಳಾಗಿದ್ದಳು. ಶನಿವಾರ ಮೂವರೂ ಜೀಪು ಹತ್ತಿ ಹೋಗಿ, ಶಾಲೆಯ ಜಗಲಿಯಲ್ಲಿ ಜಮಖಾನ ಹಾಸಿ, ಶ್ರುತಿ ಮಾಡಿಕೊಂಡು ಕಾದರು. ಬಂದದ್ದು ಒಂದು ನಾಯಿ, ಆಮೇಲೆ ದ್ಯಾವಯ್ಯನೆಂಬ ಊರಿನವನೊಬ್ಬ. ಜಮಖಾನ ಎಷ್ಟಕ್ಕೆ ಕೊಡ್ತೀರಿ ಎಂದು ವಿಚಾರಿಸಿ ದ್ಯಾವಯ್ಯನೂ ಹೋದ. ನಾಯಿ ಮಾತ್ರ ಕೊನೆಯವರೆಗೂ ಕೇಳಿತು.

ತಪ್ಪು ಇವರದೇ. ಅರೇಬಿಕಾ ಹಣ್ಣಾಗಿ ಗಿಡದಲ್ಲಿ ಕೆಂಪಗೆ ಕೂತಿರುವಾಗ ಯಾರಾದರೂ ಜಮಖಾನದ ಮೇಲೆ ಕೂರುತ್ತಾರೆಯೇ? ಅದನ್ನು ಬಿಡಿಸಿ ಹೇಳಿದವಳು ಮಾರಮ್ಮ. ಎರಡೆಕರೆ ತೋಟದ ಒಡತಿ, ಊರಿನ ಸೋಬಾನೆಗೆಲ್ಲ ಮುಂದಾಳು. ಅವಳ ಬೀದಿಯ ಸಣ್ಣ ಹಿಡುವಳಿದಾರರು ಕೂಲಿಗೆ ಆಳು ಕರೆಯುವವರಲ್ಲ, ಮುಯ್ಯಾಳು ಮಾಡುವವರು. ಇವತ್ತು ನಾನು ನಿನ್ನ ತೋಟಕ್ಕೆ, ನಾಳೆ ನೀನು ನನ್ನ ತೋಟಕ್ಕೆ. ಯಾರ ತೋಟವೋ ಅವರ ಮನೆಯಲ್ಲಿ ಊಟ.

“ನೀವು ಒಂದಿನ ಹಣ್ಣು ಕುಯ್ಯಾಕೆ ಬನ್ನಿ, ನಾವು ಒಂದಿನ ನಿಮ್ ಹಾಡಿಗೆ ಬತ್ತೀವಿ,” ಎಂದಳು ಮಾರಮ್ಮ. “ಆದ್ರೆ ಒಂದ್ ಮಾತು. ಮುಯ್ಯೀನ ಪೂರಾ ತೀರ್ಸಿ ಸಮ ಮಾಡ್ಬಾರ್ದು ಕಣವ್ವ. ಯಾವ್ದಾದ್ರೂ ಒಂದ್ ಕಡೆ ಅರ್ಧ ದಿನ ಆದ್ರೂ ಉಳ್ದಿರ್ಬೇಕು. ಸಮ ಆದ್ರೆ ನಂಟು ಮುಗ್ದೋಯ್ತು.”

ಹೀಗೆ ಸಂಗೀತ ವಿದ್ವಾಂಸರು ಸೊಂಟಕ್ಕೆ ಚೀಲ ಕಟ್ಟಿದರು. ಅಬ್ಬಬ್ಬಾ, ಆ ಚೆಂದ ನೋಡಬೇಕಿತ್ತು! ಮಧುಶ್ರೀ ಕೆಂಪು ಹಣ್ಣಿನ ಜೊತೆ ಹಸಿರು ಕಾಯನ್ನೂ ಎಲೆಯನ್ನೂ ಕಿತ್ತು ಗಿಡವನ್ನು ಬೋಳಿಸಿಬಿಟ್ಟಳು. ಗುರುವಿಗೆ ಬುಟ್ಟಿ ಕಂಡರೆ ಬೆರಳು ಸುಮ್ಮನಿರದು. ಎರಡು ಹಿಡಿ ಕೊಯ್ಯುವುದು, ಬುಟ್ಟಿಯ ಬೆನ್ನಿನ ಮೇಲೆ ಒಂದಾವರ್ತ ಬಾರಿಸುವುದು. ಪಕ್ಕದ ಸಾಲಿನ ದೇವೀರಮ್ಮ ಅದಕ್ಕೆ ಸರಿಯಾಗಿ ಒಂದು ಪದ ಎತ್ತಿದಳು. ಇನ್ನೊಬ್ಬಳು ಅದನ್ನು ಹಿಡಿದಳು. ಸಂಜೆ ಮಾರಮ್ಮನ ಕಣದಲ್ಲಿ ಇಡೀ ಬೀದಿ ನೆರೆದು, ಪಿಟೀಲಿಗೂ ಕೊಳಲಿಗೂ ಸವಾಲು ಹಾಕಿ ಹಾಡಿತು. ದೀಪಶ್ರೀ ಬೆರಳಿನ ಅಂಟು ತೊಳೆಯುವುದನ್ನೂ ಮರೆತು ನುಡಿಸಿದಳು, ನಕ್ಕು ನಕ್ಕು ಅವಳ ಕಮಾನು ಎರಡು ಸಲ ಜಾರಿತು. ಇಷ್ಟು ಖುಷಿ ಅವಳಿಗೆ ಯಾವ ಕಛೇರಿಯಲ್ಲೂ ಆಗಿರಲಿಲ್ಲ.

ಅಲ್ಲಿಂದ ಮುಂದೆ ವಾರವಾರವೂ ಇದೇ ಹಬ್ಬ. ಯಾರು ಯಾರಿಗೆ ಎಷ್ಟು ಕೆಲಸ, ಎಷ್ಟು ಹಾಡು ಕೊಡಬೇಕು ಎಂಬ ವಾದ ಜೀಪು ಹೊರಟ ಮೇಲೂ ನಡೆಯುತ್ತಿತ್ತು.

ಕೊನೆಗೆ ಪ್ರತಿಷ್ಠಾನದ ಚಂದ್ರಿಕಾ ಬಂದರು. ಇಸ್ತ್ರಿ ಮಾಡಿದ ಸೀರೆ, ಇಸ್ತ್ರಿ ಮಾಡಿದ ಮುಖ. ಮಾರಮ್ಮ ಬೆಲ್ಲದ ಕಾಫಿ ಹಿಡಿದು ಬಂದರೆ, ಅರ್ಜಿದಾರರ ಕಡೆಯಿಂದ ತಾವು ಏನನ್ನೂ ಸ್ವೀಕರಿಸುವ ಹಾಗಿಲ್ಲ, ನಿಯಮವಿದೆ ಎಂದರು. ಈ ಸೀಮೆಯಲ್ಲಿ ಬಾಗಿಲಿಗೆ ಬಂದವರು ಕಾಫಿ ಬೇಡವೆಂದರೆ ಕಪಾಳಕ್ಕೆ ಹೊಡೆದ ಹಾಗೆ. ಮಾರಮ್ಮನ ಮುಖ ಸಣ್ಣದಾಯಿತು. ಆಮೇಲೆ ಅವಳಿಗೆ ಏನೋ ಹೊಳೆಯಿತು. ಒಳಗೆ ಹೋಗಿ ಒಂದು ಚೀಲ ತಂದು ಚಂದ್ರಿಕಾ ಅವರ ಕೈಗಿಟ್ಟಳು.

“ಸುಮ್ಕೆ ತಗಳಾಕಾಗ್ದಿದ್ರೆ ಕುಯ್ದು ತಗಳಿ. ಹೆಂಗೂ ಮುಯ್ಯಿ ಇಲ್ದೆ ನಮ್ಮೋರು ಹಾಡಾಕಿಲ್ಲ.”

ದೀಪಶ್ರೀಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಸಹಾಯಧನ ಕೊಡಲು ಬಂದವರಿಗೆ ಕಾಫಿ ಕೊಯ್ಯಲು ಹೇಳುವ ಊರು ಭೂಮಂಡಲದಲ್ಲಿ ಇದೊಂದೇ ಇರಬೇಕು. ಚಂದ್ರಿಕಾ ಚೀಲವನ್ನು ನೋಡಿದರು, ಕಾಫಿಯ ಲೋಟ ನೋಡಿದರು, ದುಡಿದು ಕುಡಿಯಬಾರದೆಂದು ನಿಯಮದಲ್ಲಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಅರ್ಧ ದಿನ ಕೊಯ್ದರು. ಚಗಳಿ ಇರುವೆ ಕುಪ್ಪಸದೊಳಗೆ ಹೊಕ್ಕು ಅವರನ್ನು ಸಾಲಿನುದ್ದಕ್ಕೂ ಕುಣಿಸಿದಾಗ ಗುರು ಆ ಕುಣಿತಕ್ಕೂ ಬುಟ್ಟಿಯಲ್ಲಿ ತಾಳ ಹಾಕಿಬಿಟ್ಟ, ಪಾಪಿ. ಮೊದಲು ನಕ್ಕವರು ಚಂದ್ರಿಕಾ ಅವರೇ. ಮಧ್ಯಾಹ್ನ ಅಕ್ಕಿರೊಟ್ಟಿ ತಿಂದು ಮೂರನೇ ಲೋಟ ಕೇಳಿ ಕುಡಿದರು. ಹಾಡು ಶುರುವಾದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಅವರದೇ.

ಹೊರಡುವಾಗ ಒಂದೇ ಪ್ರಶ್ನೆ ಕೇಳಿದರು, ಅದೂ ಮಾರಮ್ಮನನ್ನು. ಸಹಾಯಧನ ಸಿಗದಿದ್ದರೆ ಇದೆಲ್ಲ ಏನಾಗುತ್ತದೆ? ದೀಪಶ್ರೀ ಅರ್ಜಿಯಲ್ಲಿ ‘ಯೋಜನೆ ಸಂಪೂರ್ಣ ಅಸಾಧ್ಯ’ ಎಂದು ಬರೆದಿದ್ದಳು. ಹಿಂದೆ ನಿಂತು ಮಾರಮ್ಮನಿಗೆ ಕಣ್ಣಿನಲ್ಲೇ ಅಂಗಲಾಚಿದಳು.

“ಏನಾಯ್ತದೆ? ನಿಮ್ ದುಡ್ಡು ಬರ್ಲಿ ಬುಡ್ಲಿ, ಮುಯ್ಯಿ ಬುಡಾಕಾಯ್ತದಾ?” ಎಂದಳು ಮಾರಮ್ಮ.

ದೀಪಶ್ರೀ ತಲೆಯ ಮೇಲೆ ಕೈ ಹೊತ್ತಳು.

ಅಂದುಕೊಂಡಂತೆಯೇ ಆಯಿತು. ವನಗೂರಿನ ತಿರುವಿನಲ್ಲಿ, ಸಿಗ್ನಲ್ ಸಿಗುವ ಒಂದೇ ಬಂಡೆಯ ಮೇಲೆ ನಿಂತಿದ್ದಾಗ ಉತ್ತರ ಬಂತು. ಚಂದ್ರಿಕಾ ಇವರನ್ನು ಬಾಯ್ತುಂಬ ಹೊಗಳಿದ್ದರಂತೆ. ಆದರೆ ಹಣವಿಲ್ಲದೆಯೂ ನಡೆಯುವ ಕೆಲಸಕ್ಕಿಂತ ಹಣವಿಲ್ಲದೆ ನಡೆಯದ ಕೆಲಸಕ್ಕೆ ಕೊಡೋಣವೆಂದು ಸಮಿತಿ ತೀರ್ಮಾನಿಸಿತಂತೆ. ಮಧುಶ್ರೀ ಎರಡು ಸಲ ಓದಿ ಫೋನು ಹಿಂದಿರುಗಿಸಿದಳು. ದೀಪಶ್ರೀ ಅಳು ನುಂಗಿಕೊಂಡು ಗುರುವಿನ ಕಡೆ ತಿರುಗಿ, ಹಾಸನಕ್ಕೆ ಯಾವತ್ತು ಹೊರಡುತ್ತೀಯ ಎಂದು ಕೇಳಿದಳು.

ಗುರು ಅವಳ ಮುಖವನ್ನೇ ನೋಡಿದ. “ನಿಂಗೇನು ತಲೆ ಕೆಟ್ಟೈತಾ? ದೇವೀರಮ್ಮ ನಂಗೆ ಎರಡು ದಿನದ ಹಾಡು ಕೊಡ್ಬೇಕು. ಶಾಂತಮಲ್ಲಪ್ಪೋರ ತೋಟದ ಕಾಳುಮೆಣಸು ಕುಯ್ಯಾಕೆ ನಾನು ಒಪ್ಕಂಡ್ಬುಟ್ಟಿದೀನಿ. ಅದಕ್ಕೆ ಅವ್ರ ಮನೇರೆಲ್ಲ ಮುಂದಿನ ತಿಂಗ್ಳು ಹಾಡಾಕೆ ಬತ್ತಾರೆ. ಮುಯ್ಯಿ ಬುಟ್ಟು ಎಲ್ಲಿಗೆ ಹೋಗ್ಲಿ ಮಾರಾಯ್ತಿ?”

ದೀಪಶ್ರೀ ಬಂಡೆಯ ಮೇಲೇ ಕುಸಿದು ಕೂತು ನಗತೊಡಗಿದಳು. ಅಳುವೂ ಅದರಲ್ಲೇ ಸೇರಿ ಹೋಯಿತು. ಊಟ ತೋಟದವರದು, ಮಲಗಲು ಮಾರಮ್ಮನ ಕಾಫಿ ಸ್ಟೋರು ಖಾಲಿ ಇತ್ತು. ಇನ್ನೂರು ಪದಗಳಲ್ಲಿ ಅವಳು ಬೇಡಿದ್ದ ತಿಂಗಳು ಆಗಲೇ ಶುರುವಾಗಿಬಿಟ್ಟಿತ್ತು.

ಮೆಣಸು ಕೊಯ್ಯುವ ಮೊದಲ ಬೆಳಿಗ್ಗೆ ಜೀಪಿನಿಂದ ಹಳೆಯ ವಾಯಿಲ್ ಸೀರೆಯುಟ್ಟ ಹೆಂಗಸೊಬ್ಬರು ಇಳಿದರು. ಚಂದ್ರಿಕಾ. ಕಂಕುಳಲ್ಲಿ ಸ್ವಂತದ್ದೇ ಒಂದು ಚೀಲ. ಅರ್ಧ ದಿನ ದುಡಿದು ಪೂರಾ ದಿನದ ಮುಯ್ಯಿಯ ಹಾಡು ಕೇಳಿ ಹೋಗಿದ್ದೆ, ಅರ್ಧ ದಿನ ಬಾಕಿಯಿದೆ, ತೀರಿಸಲು ರಜೆ ಹಾಕಿ ಬಂದೆ ಎಂದರು.

ಮಾರಮ್ಮ ಅವರನ್ನು ಮಧ್ಯಾಹ್ನಕ್ಕೆ ಬಿಡಲಿಲ್ಲ. ಬೇಕೆಂದೇ ಸಂಜೆಯವರೆಗೂ ಕೊಯ್ಯಿಸಿ, ಈ ಸಲ ಅರ್ಧ ದಿನದ ಬಾಕಿಯನ್ನು ಊರಿನ ಮೇಲೆ ಉಳಿಸಿಕೊಂಡಳು.