ಪಕೀರಪ್ಪನ ಬೀಜ

ಭವಾನಿ ಸೂಜಿ ಚುಚ್ಚಿ ಹೋದ ಆರನೇ ದಿನಕ್ಕೆ ಪಕೀರಪ್ಪನ ಕುರಿಗಳ ಮೈಮೇಲೆ ಸಿಡುಬು ಎದ್ದಿತು. ಹದಿನೈದು ದಿನದಲ್ಲಿ ಹದಿನೆಂಟು ಮರಿ ಸತ್ತವು. ಕುಕನೂರಿನ ಸುತ್ತಲಿನ ಕುರಿಗಾರರಿಗೆ ವಿಷಯ ಸರಳವಾಗಿತ್ತು. ಸಿಡುಬಿನ ಲಸಿಕೆ ಹಾಕಿದರು, ಸಿಡುಬು ಬಂತು. ಇದರಲ್ಲಿ ತಿಳಿಯದ್ದೇನಿದೆ?

ಭವಾನಿ ಪಶುವೈದ್ಯ ಸಿದ್ದಲಿಂಗೇಶನ ಕೈಕೆಳಗೆ ಲಸಿಕೆ ಹಾಕುವವಳು. ಎರಡು ವರ್ಷದಿಂದ ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ಹಟ್ಟಿಯಿಂದ ಹಟ್ಟಿಗೆ ತಿರುಗಿದ್ದಳು. ಈಗ ಅವಳ ಸ್ಕೂಟಿ ಸಪ್ಪಳ ಕೇಳಿದರೆ ಸಾಕು, ಜನ ಕುರಿ ಹೊಡೆದುಕೊಂಡು ಗುಡ್ಡದ ಕಡೆ ಹೋಗುತ್ತಿದ್ದರು. ಇನ್ನೂ ಮೂವತ್ತು ಹಿಂಡಿಗೆ ಲಸಿಕೆ ಆಗಬೇಕಿತ್ತು. ಒಬ್ಬರೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಯಾರಿಗಾದರೂ ಕುರಿ ಮಾಂಸ ಬೇಕಿದ್ದರೆ ಭವಾನಿಯನ್ನು ಕರೆಸಿರಿ ಎಂದು ಮಕ್ಬುಲಸಾಬ ತನ್ನ ಚಹಾದಂಗಡಿಯಲ್ಲಿ ನಗಾಡಿದನಂತೆ. ಆ ಮಾತು ಅವಳ ಮನೆ ಬಾಗಿಲ ತನಕ ಬಂತು.

ಅನುಮಾನ ಅವಳಿಗೂ ಇತ್ತು. ಲಸಿಕೆಯಲ್ಲಿರುವುದೂ ಸಿಡುಬಿನ ವೈರಸ್ಸೇ, ಅದೂ ಜೀವಂತ. ಪಳಗಿಸಿ ಬಲ ಕುಂದಿಸಿರುತ್ತಾರೆ, ಅಷ್ಟೆ. ಪಳಗಿದ್ದು ಮತ್ತೆ ಮೊದಲಿನಂತಾಗಿದ್ದರೆ? ಸಿದ್ದಲಿಂಗೇಶನನ್ನು ಕೇಳಿದಳು. ಅವನು ಸಮಾಧಾನ ಹೇಳಲಿಲ್ಲ. ಬಾಯಿಮಾತಿನಲ್ಲಿ ತೀರುವ ಸಂಗತಿ ಅಲ್ಲ, ಪರೀಕ್ಷೆಗೆ ಕಳಿಸೋಣ ಎಂದ. ಸತ್ತ ಮರಿಗಳ ಗಾಯದ ಹಕ್ಕಳೆ, ಜೊತೆಗೆ ಅದೇ ಬ್ಯಾಚಿನ ಒಡೆಯದ ಎರಡು ಬಾಟಲಿ, ಮಂಜುಗಡ್ಡೆಯಲ್ಲಿಟ್ಟು ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋದವು. ಅಲ್ಲಿ ಎರಡರ ವಂಶವಾಹಿಯನ್ನೂ ಓದಿ ಹೋಲಿಸಿ ನೋಡುತ್ತಾರೆ. ಬಾಟಲಿಯದೇ ಹಕ್ಕಳೆಯಲ್ಲೂ ಸಿಕ್ಕರೆ ಮರಿ ಕೊಂದದ್ದು ಲಸಿಕೆ. ಬೇರೆ ಸಿಕ್ಕರೆ ರೋಗ ಹೊರಗಿನದು.

ಇಪ್ಪತ್ತೆರಡು ದಿನಕ್ಕೆ ವರದಿ ಬಂತು. ಸಿದ್ದಲಿಂಗೇಶ ಕುರಿಗಾರರನ್ನು ನೀರಿನ ಟಾಕಿಯ ಹತ್ತಿರ ಕರೆಸಿದ. ಹನ್ನೊಂದು ಜನ ಬಂದರು. ನೀರು ಕುಡಿಸುವ ಹೊತ್ತು, ಕೆಲವರು ಹಿಂಡಿನ ಸಮೇತ ಬಂದಿದ್ದರು. ಪಕೀರಪ್ಪ ಎಲ್ಲರಿಗಿಂತ ಮುಂದೆ ಕುಂತ.

ವೈದ್ಯ ಕಾಗದ ಬಿಡಿಸಿ ಓದಿದ: “ಬೀಜ ತಳಿಯ ಗುರುತು ದೃಢಪಟ್ಟಿದೆ. ಬೀಜ ಶುದ್ಧವಾಗಿದೆ, ಅದರ ಗುಣ ಬದಲಾಗಿಲ್ಲ.”

ಲಸಿಕೆ ಮಾಡುವವರು ತಾವು ಬೆಳೆಸುವ ಮೂಲ ವೈರಸ್ಸಿಗೆ ಬೀಜ ಎನ್ನುತ್ತಾರೆ. ಇದನ್ನು ಅವನು ಬಿಡಿಸಿ ಹೇಳುವುದರೊಳಗೆ ಪಕೀರಪ್ಪ ಎದ್ದು ನಿಂತಿದ್ದ.

“ಕೇಳಿದ್ರಿಲ್ಲೋ ಎಲ್ಲಾರೂ? ನನ್ನ ಬೀಜ ಸುದ್ದ ಐತಂತ. ಬೆಂಗಳೂರಾಗ ಬರದ ಕೊಟ್ಟಾರ. ಕೆಟ್ಟದ್ದು ಈಕಿ ಸೂಜಿ.”

ಸಿದ್ದಲಿಂಗೇಶ ಕಾಗದದಿಂದ ತಲೆ ಎತ್ತಿದ. ಕೇಳಿದ್ದು ಭವಾನಿ.

“ಕಾಕಾ, ನಿಮ್ದ್ಯಾವ ಬೀಜರಿ?”

ಪಕೀರಪ್ಪ ಏನನ್ನೂ ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಎಂದು ಅವನಿಗೆ ಅನ್ನಿಸಿರಲೇ ಇಲ್ಲ. ಯಲಬುರ್ಗಾ ದಾರಿಯಲ್ಲಿ ಪರಊರಿನ ಹಿಂಡೊಂದು ಇಳಿದಿತ್ತು, ಅದರಲ್ಲಿ ಸಿಡುಬಿತ್ತು. ಆ ಕುರಿಗಳ ಹಕ್ಕಳೆ ತಂದು, ಹಾಲಿನಲ್ಲಿ ಅರೆದು, ಜಾಲಿಮುಳ್ಳಿನಿಂದ ತನ್ನ ಕುರಿಗಳ ಕಿವಿ ಗೀರಿ ಹಚ್ಚಿದ್ದ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದ. ಒಮ್ಮೆ ಹಗುರವಾಗಿ ಬಂದು ಹೋದರೆ ಸಿಡುಬು ಮತ್ತೆ ಬರದು ಎಂಬ ನಂಬಿಕೆ; ಅದಕ್ಕೆ ಅವರು ಬೀಜ ಹಾಕುವುದು ಎನ್ನುತ್ತಾರೆ. ಭವಾನಿ ಬರುವುದಕ್ಕೆ ಮೂರು ದಿನ ಮುಂಚೆ ಹಾಕಿದ್ದ. ಮೇಲೆ ಲಸಿಕೆಯೂ ಬಿದ್ದರೆ ಇನ್ನೂ ಗಟ್ಟಿಯಾಗುತ್ತದೆ ಎಂದು ಲಸಿಕೆಯನ್ನೂ ಹಾಕಿಸಿದ್ದ.

“ಮೊದ್ಲ ಲಸಿಕಿ ಹಾಕ್ಸೀರೇನು ಅಂತ ಅವತ್ತ ಕೇಳಿದ್ನೆಲ್ರಿ?”

“ಲಸಿಕಿ ಕೇಳಿದಿ, ಇಲ್ಲ ಅಂದ್ನಿ. ಬೀಜ ಎಲ್ಲಿ ಕೇಳಿದಿ?”

ಅದು ನಿಜ. ಕಿವಿಗಳ ಮೇಲಿನ ಗೀರುಗಳನ್ನೂ ಅವಳು ಅವತ್ತು ನೋಡಿದ್ದಳು. ಗುರುತಿಗೆ ಕೊಯ್ದದ್ದಿರಬೇಕು ಎಂದುಕೊಂಡು ಸುಮ್ಮನಾಗಿದ್ದಳು.

ಸಿದ್ದಲಿಂಗೇಶ ಉಳಿದ ಸಾಲು ಓದಿದ. ಹಕ್ಕಳೆಯಲ್ಲಿದ್ದ ವೈರಸ್ಸು ಬಾಟಲಿಯದಲ್ಲ, ಬಯಲಿನದು, ಪಳಗಿಸದ್ದು. ಅದು ಎಲ್ಲರಿಗೂ ಅರ್ಥವಾಯಿತು. ಪಕೀರಪ್ಪ ಕುಂತ. ಕುಂತಲ್ಲಿಂದಲೇ ಕೇಳಿದ:

“ಹಂಗಾರ ನಮ್ಮಪ್ಪ ಹಾಕತಿದ್ದದ್ದು?”

“ಅವ್ರೂ ಇದನ್ನ ಹಾಕತಿದ್ರು, ಕಾಕಾ. ಕೆಲವು ಉಳೀತಿದ್ವು, ಕೆಲವು ಸಾಯ್ತಿದ್ವು. ಬಾಟ್ಲಿದು ಪಳಗಿದ್ದು, ಅಲ್ಲಿಗೇ ನಿಲ್ತೈತಿ. ನೀವು ತಂದಿದ್ದಕ್ಕ ನಿಲ್ಲೂದು ಗೊತ್ತಿಲ್ಲ.”

ತಪ್ಪಾಯಿತು ಎಂದು ಅವಳಿಗೆ ಯಾರೂ ಅನ್ನಲಿಲ್ಲ. ಅವಳು ಅದಕ್ಕೆ ಕಾಯಲೂ ಇಲ್ಲ. ಐಸ್ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದವಳು ತಡೆದಳು.

“ಲಸಿಕಿ ಮಾತ ಆಮ್ಯಾಲ. ಬೀಜ ಯಾರ್ಯಾರು ಹಾಕೀರಿ, ಅದನ್ನ ಹೇಳ್ರಿ.”

ಹಿಂದೆ ತನ್ನ ಹಿಂಡಿನ ನಡುವೆ ನಿಂತಿದ್ದ ಹುಲಿಗವ್ವ ಪಕ್ಕದ ಕುರಿಯ ಕಿವಿಯನ್ನು ಅಂಗೈಯಿಂದ ಮುಚ್ಚಿದಳು. ಭವಾನಿ ಅವಳ ಹತ್ತಿರ ಹೋಗಿ ನಿಂತಳು. ಕೈ ತೆಗೆಯಲು ಹೇಳಲಿಲ್ಲ.

“ನಿನ್ನಿ ಹಾಕೀನಿ,” ಎಂದಳು ಹುಲಿಗವ್ವ. “ಹದಿನಾರಕ್ಕ.”

“ಅವನ್ನ ಬ್ಯಾರೆ ಕಟ್ಟಬೇಕಾಗತೈತಿ.”

“ಕಟ್ಟತೀನಿ. ಉಳದವಕ್ಕ ಚುಚ್ಚು.”

ಭವಾನಿ ಡಬ್ಬಿ ತೆರೆದಳು. ಮೊದಲು ಪ್ರತಿ ಕುರಿಯ ಕಿವಿ ಹಿಡಿದು ನೋಡಿದಳು.